ಹಸುಗಳಿಲ್ಲದ ಗೋಮಾಳ

ಬಂಗಾರಪೇಟೆಯ ತಾಲ್ಲೂಕು ಕಚೇರಿಯಲ್ಲಿ ಸಾಹೇಬರು ಚಿತ್ರವನ್ನು ಮೇಜಿನ ಮೇಲೆ ಹರವಿ ಬಹಳ ಹೊತ್ತು ನೋಡಿದರು. ಎದುರಿಗೆ ಚಿಕ್ಕವೆಂಕಟಮ್ಮ ಸೆರಗು ಹಿಂಡುತ್ತ ನಿಂತಿದ್ದಳು. ಪಕ್ಕದಲ್ಲಿ ಚಿತ್ರ ಬರೆದ ರಾಜಾಬಾಯಿ, ಊರಿಗಾಂನ ಡ್ರಾಯಿಂಗ್ ಟೀಚರ್.

ಕ್ಯಾಸಂಬಳ್ಳಿ ಕಡೆಯ ಆ ಗೋಮಾಳದಲ್ಲಿ ಅರ್ಧ ಆಗಲೇ ಹೋಗಿತ್ತು. ಹುಲ್ಲು ಕಿತ್ತು, ಗುಂಡಿ ತೋಡಿ, ನೀಲಗಿರಿ ಸಸಿ ನೆಟ್ಟಾಗಿತ್ತು. ಉಳಿದರ್ಧವೂ ಬರೀ ಬಂಜರು ಅಂತ ಸರ್ಕಾರದವರು ಕಾಗದದಲ್ಲಿ ಬರೆದಿದ್ದರು. ಅದೂ ಹೋದರೆ ಊರಿನ ದನ ಮಾರಬೇಕು, ಬೇರೆ ದಾರಿಯಿಲ್ಲ. ಅರವತ್ತನೇ ಇಸವಿಯಲ್ಲಿ ಟೀಚರಮ್ಮ ಅಲ್ಲೇ ಕೂತು ಬರೆದ ಚಿತ್ರವೊಂದು ಇದೆ, ಎದೆಯುದ್ದದ ಬಾದೆಹುಲ್ಲು ಅದರಲ್ಲಿ ಕಾಣುತ್ತೆ ಅಂತ ನೆನಪಿಸಿದವಳು ಚಿಕ್ಕವೆಂಕಟಮ್ಮನೇ. "ಬಣ್ಣದ ಕಾಗ್ದ ನಂಬ್ತಾರೇನೇ? ನಮ್ ಮಾತೇ ನಂಬಲ್ಲ" ಎಂದು ಪಕ್ಕದ ಮನೆಯ ದೊಡ್ಡಮುನಿಯಮ್ಮ ಆಡಿಕೊಂಡಿದ್ದಳು.

"ಹುಲ್ಲೇನೋ ಚೆನ್ನಾಗಿದೆ" ಎಂದರು ಸಾಹೇಬರು. "ದನ ಎಲ್ಲಮ್ಮ? ಒಂದು ಕರುವೂ ಇಲ್ವಲ್ಲ. ಯಾರೂ ಮೇಯಿಸದೆ ಬಿಟ್ಟ ಜಾಗ ಅಂತ ಇದೇ ಹೇಳುತ್ತೆ."

ಚಿಕ್ಕವೆಂಕಟಮ್ಮ ಬಗ್ಗಿ ನೋಡಿದಳು. ಹೌದು, ಒಂದೂ ಇರಲಿಲ್ಲ. ಇಷ್ಟು ದಿನ ಆ ಚಿತ್ರ ನೆನೆದಾಗೆಲ್ಲ ಅವಳ ಕಣ್ಣಿಗೆ ದನಗಳೂ ಕಂಡಿದ್ದವು. ಅವನ್ನು ಯಾರು ಅಳಿಸಿದರು?

ಆಮೇಲೆ ನೆನಪಾಯಿತು. ಯಾರೂ ಅಳಿಸಿರಲಿಲ್ಲ. ಚಿತ್ರ ಬರೆಯಲು ಬಂದ ಆರು ಭಾನುವಾರವೂ ಟೀಚರಮ್ಮ ಬಸ್ಸಿಳಿದದ್ದು ಕಂಡೊಡನೆ, ಕೆರೆ ಏರಿಯ ಆಚೆಗೆ ದನ ಅಟ್ಟಿಬಿಟ್ಟವಳು ತಾನೇ. ಕೆಂದ ಹಸು ಆಗಷ್ಟೇ ಈದಿತ್ತು, ಕೆಚ್ಚಲು ನೆಲ ಮುಟ್ಟುವಂತಿತ್ತು. ಹೊಸದಾಗಿ ಈದ ಹಸುವನ್ನು ಹೊರಗಿನವರಿಗೆ ತೋರಿಸಬಾರದು. ಅದರಲ್ಲೂ ಗಂಡ ಇಲ್ಲದ, ಮಕ್ಕಳಿಲ್ಲದ ಹೆಂಗಸು ಎವೆಯಿಕ್ಕದೆ ನೋಡಿ ನೋಡಿ ಬರೆದರೆ ಕೆಚ್ಚಲಲ್ಲಿ ಹಾಲು ನಿಂತೀತೇ?

ಅದನ್ನು ಇಲ್ಲಿ ಹೇಳುವುದು ಹೇಗೆ? ತನ್ನ ಮನೆಯ ಮುದ್ದೆ ಉಂಡು, "ನಿನ್ನ ಕೈ ಸಾರು ನಮ್ಮಮ್ಮನ ಸಾರಿನ ಹಾಗೇ ಇದೆ" ಅಂದಿದ್ದ ಹೆಂಗಸು ಮೊಳದ ದೂರದಲ್ಲಿ ನಿಂತಿದ್ದಾಳೆ. ಹೇಳದಿದ್ದರೆ ಹುಲ್ಲು ಹೋಗುತ್ತೆ. ಹೇಳಿದರೆ ಏನು ಹೋಗುತ್ತೆ ಅನ್ನುವುದಕ್ಕೆ ಅವಳಿಗೆ ಹೆಸರೇ ಸಿಗಲಿಲ್ಲ.

"ನಾನೇ ಅಟ್ಟಿದ್ದು ಸ್ವಾಮಿ" ಎಂದಳು ಕೊನೆಗೆ, ನೆಲ ನೋಡುತ್ತ. "ಈದಿದ್ ಅಸು ಇತ್ತು. ಕಣ್ ಬೀಳ್ತದೆ ಅಂತ."

"ಯಾರ ಕಣ್ಣು?"

ರಾಜಾಬಾಯಿ ಕಿಟಕಿಯತ್ತ ತಿರುಗಿದಳು. ಗುಮಾಸ್ತ ಕೆಮ್ಮಿ ನಗು ನುಂಗಿದ. ಸಾಹೇಬರು ನಗಲಿಲ್ಲ, ಅವರ ಮನೆಯಲ್ಲೂ ಹಸುವಿತ್ತೋ ಏನೋ. ಹೇಳಿಕೆ ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡು, ತಾವೇ ಬಂದು ಜಾಗ ನೋಡುವ ತನಕ ಗುಂಡಿ ತೋಡಬಾರದು ಎಂದರು.

ಗೆದ್ದ ಹಾಗಾಯಿತೇ? ಸ್ಟೇಷನ್ನಿನ ದಾರಿಯಲ್ಲಿ ಟೀಚರಮ್ಮ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು.

"ಕ್ವಾಪ ಬಂತೇನಮ್ಮಾ?"

"ನಾನು ಎದ್ದು ಹೋದ ಮೇಲೆ ದೃಷ್ಟಿ ತೆಗೀತಿದ್ಯಾ?"

"ಊಂ. ಉಪ್ಪು ಮೆಣಸಿನಕಾಯಿ."

"ಆರು ಸಲವೂ?"

"ಎಲ್ಡ್ ಸಲ ಮರ್ತೋಗಿತ್ತು."

ರಾಜಾಬಾಯಿಯ ಭುಜ ಅಲುಗಿತು. ನಗುವೋ ಅಳುವೋ, ಹಿಂದಿನಿಂದ ಗೊತ್ತಾಗಲಿಲ್ಲ. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಅವಳು ಹೇಳಿದಳು:

"ನಂಗೆ ಹಸು ಬರೆಯೋಕೆ ಬರಲ್ಲ ಚಿಕ್ಕವೆಂಕಟಮ್ಮ. ಕಾಲು ಸರಿಯಾಗಿ ಕೂರಲ್ಲ, ಮೇಜಿನ ಕಾಲಾಗಿಬಿಡುತ್ತೆ. ನೀನು ಅಟ್ಟಿದ್ದು ನೋಡಿ ಅವತ್ತು ಸಮಾಧಾನಾನೇ ಆಯ್ತು."

ಮಕ್ಕಳಿಗೆ ಚಿತ್ರ ಕಲಿಸುವವಳಿಗೆ ಹಸು ಬರೆಯಲು ಬಾರದೇ? ಚಿಕ್ಕವೆಂಕಟಮ್ಮ ಓರೆಯಾಗಿ ಆ ಮುಖ ನೋಡಿದಳು. ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. ನಿಜವಿರಬಹುದು. ತನ್ನ ಮಾನ ಉಳಿಸಲು ಟೀಚರಮ್ಮ ಆಡಿದ ಸುಳ್ಳೂ ಇರಬಹುದು. ಸುಳ್ಳಾಗಿದ್ದರೆ ತಾನು ಕ್ಷಮೆ ಕೇಳಬೇಕು. ನಿಜವಾಗಿದ್ದರೆ ಕೇಳಿ, ಆ ಕಣ್ಣಿನ ಮಾತು ಮತ್ತೆ ಕೆದಕಿ ಇನ್ನಷ್ಟು ನೋಯಿಸಿದಂತಾಗುತ್ತೆ.

ಕೋಲಾರ ಗೋಲ್ಡ್ ಫೀಲ್ಡ್ಸ್ ರೈಲು ಬಂತು. ನಿಜವೋ ಸುಳ್ಳೋ, ಚಿಕ್ಕವೆಂಕಟಮ್ಮ ಇನ್ನೂ ತೀರ್ಮಾನಿಸಿರಲಿಲ್ಲ.