ಉಂಗುರ ತೊಟ್ಟ ಗ್ರಹದ ಬಳಿ ಬ್ರೇಕ್‌ಡೌನ್

ಡಿಪೋ ಗೇಟಿನ ಕಂಬಕ್ಕೆ ಬಸ್ಸಿನ ಪಕ್ಕೆ ಉಜ್ಜಿದ ದಿನವೇ ಡ್ರೈವರಣ್ಣನ ಗುಟ್ಟು ಬಯಲಾದದ್ದು. ಎಡಗಣ್ಣಿನ ದೃಷ್ಟಿ ಪೂರ್ತಿ ಹೋಗಿತ್ತು. ಒಂದೇ ಕಣ್ಣಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ ಎಂದು ವೈದ್ಯರು ಬರೆದುಕೊಟ್ಟರು. ಮೇಲಿನವರು ಅವನನ್ನು ಸ್ಟೇರಿಂಗ್ ಮುಂದಿನಿಂದ ಎಬ್ಬಿಸಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂರಿಸಿದರು. ಈಗ ಅವನ ಕೆಲಸವೆಂದರೆ, ತಾನೇ ಓಡಿಸುತ್ತಿದ್ದ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿದವರಿಗೆಲ್ಲ ಹೇಳುವುದು. ಇದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೂ ಅವನು ತಡೆದುಕೊಳ್ಳುತ್ತಿದ್ದ. ಮನೆಗೆ ಬಂದರೆ ಮಾತಿಲ್ಲ, ಕತೆಯಿಲ್ಲ, ಗೋಡೆ ನೋಡಿಕೊಂಡು ಕೂರುವುದು.

ಅವನಿಗೆ ರಜೆಯಿದ್ದ ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಟ ಮಗಳು ಅವನ ತೋಳು ಹಿಡಿದು ತನ್ನ ಕಂಪ್ಯೂಟರಿನ ಮುಂದೆ ಕೂರಿಸಿದಳು. ಕಟ್ಟುವ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ದಿನವಿಡೀ ಯಾರದೋ ದವಡೆ ನೋಡಿ ಬಂದವಳು ಸಂಜೆ ಇದರಲ್ಲಿ ಆಕಾಶ ನೋಡುತ್ತಿದ್ದಳು.

"ಅಪ್ಪಾ, ಇದು ಆನ್‌ಲೈನ್ ಆಟ. ಹೊಡೆದಾಡೋರು ಹೊಡೆದಾಡ್ತಾರೆ, ವ್ಯಾಪಾರ ಮಾಡೋರು ಮಾಡ್ತಾರೆ. ನಾನು ಹುಡುಕಾಟಕ್ಕೆ ಹೋಗೋಳು. ಈ ಬಾಹ್ಯಾಕಾಶದ ಹಡಗಲ್ಲಿ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾರೋದು, ಸುತ್ತ ಏನೇನಿದೆ ನೋಡೋದು."

"ಗೆಲ್ಲೋದು ಯಾವಾಗ?"

"ಗೆಲ್ಲೋದೇನೂ ಇಲ್ಲ. ನೋಡೋದಷ್ಟೇ." ಯಾವ ಗುಂಡಿ ಯಾತಕ್ಕೆಂದು ತೋರಿಸಿಕೊಟ್ಟು, ಚಪ್ಪಲಿ ಮೆಟ್ಟುತ್ತಾ ಅವಳು ಮತ್ತೆ ತಿರುಗಿದಳು. "ಒಂದು ಮಾತು. ಎರಡು ತಿಂಗಳಿಂದ ನಾನು ಕಂಡಿದ್ದೆಲ್ಲ ಈ ಹಡಗಲ್ಲೇ ಇದೆ. ನಿಲ್ದಾಣಕ್ಕೆ ಹೋಗಿ ಒಪ್ಪಿಸಿದ್ರೆ ಮಾತ್ರ ನಂದು. ಅಷ್ಟರಲ್ಲಿ ಹಡಗು ಒಡೆದ್ರೆ ಎಲ್ಲ ಮಣ್ಣುಪಾಲು. ಸಂಜೆ ಬಂದು ಒಪ್ಪಿಸ್ತೀನಿ. ಅಲ್ಲೀವರೆಗೂ ಇಲ್ಲೇ ಹತ್ತಿರ ಸುತ್ತಾಡು."

"ಹಂಗಿದ್ರೆ ನನ್ನ ಕೈಗೆ ಯಾಕಮ್ಮಾ ಕೊಡ್ತೀಯ?"

"ಒಂದು ಬಸ್ ತುಂಬ ಜನಾನ ದಿನಾ ನಿನ್ನ ಕೈಗೆ ಕೊಡ್ತಿರಲಿಲ್ವಾ?"

ಅವಳು ಹೊರಟುಹೋದಳು.

ಡ್ರೈವರಣ್ಣ ಪರದೆಯ ಧೂಳು ಒರೆಸಿದ. ಕುರ್ಚಿಯನ್ನು ಹಿಂದೆ ಮುಂದೆ ಸರಿಸಿ ಸರಿಮಾಡಿಕೊಂಡ. ಆಮೇಲೆ ಸುಮ್ಮನೆ ಕೂತೇ ಇದ್ದ. ಅದೇ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿಗೆ ಗಂಡನ ಕಾಯಿಲೆ ಗೊತ್ತಾಯಿತು: ಕಂಡಕ್ಟರು ಕೂಗದೆ ಅವನು ಗಾಡಿ ಎತ್ತುವವನಲ್ಲ. ತಲೆ ಎತ್ತದೆಯೇ ಕೂಗಿದಳು: "ರೈಟ್, ರೈಟ್! ಹೊರಡಲಿ!"

ಹಡಗು ಹೊರಟಿತು.

ಮೊದಲ ಹಾರಾಟ ಮುಗಿದಾಗ ಪರದೆಯ ತುಂಬ ಬೆಂಕಿ. ನಕ್ಷತ್ರವೊಂದು ನೇರ ಮೂಗಿನ ಮುಂದೆ ನಿಂತಿತ್ತು. ಅವನು ಬಲಗಾಲನ್ನು ನೆಲಕ್ಕೆ ಒತ್ತಿದ, ಇಲ್ಲದ ಬ್ರೇಕು ಹುಡುಕುತ್ತ. ಹಡಗು ತಾನಾಗಿಯೇ ನಿಧಾನವಾಯಿತು. ಅಬ್ಬಾ ಎಂದು ಉಸಿರುಬಿಟ್ಟು, ಮುಂದಿನದಕ್ಕೆ ಹಾರಿದ. ಈ ಆಟದ ಅನುಭವಸ್ಥರು ಹತ್ತು ನಕ್ಷತ್ರ ಬಿಟ್ಟು ಹನ್ನೊಂದನೆಯದರಲ್ಲಿ ನಿಲ್ಲುತ್ತಾರಂತೆ. ನಮ್ಮವನದು ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಬಸ್ಸು. ಮಂಜು ಮುಚ್ಚಿದ ಗ್ರಹ, ಒಂದರ ಸುತ್ತ ಒಂದು ಗಿರಕಿ ಹೊಡೆಯುವ ಜೋಡಿ ಸೂರ್ಯರು, ಯಾರನ್ನೂ ಬಿಡಲಿಲ್ಲ. ಹತ್ತಿರ ಸುತ್ತಾಡೆಂದು ಮಗಳು ಹೇಳಿದ್ದು ಯಾವಾಗ ಮರೆತುಹೋಯಿತೋ ಅವನಿಗೇ ತಿಳಿಯದು.

ಮಧ್ಯಾಹ್ನದ ಹೊತ್ತಿಗೆ ಅದು ಕಂಡಿತು. ಕತ್ತಲೆಯ ಗುಡ್ಡದಂಥ ಒಂದು ಗ್ರಹ. ಅದರ ಬೆನ್ನಿನ ಹಿಂದಿನಿಂದ ಸೂರ್ಯ ಇಣುಕಿದ್ದೇ ತಡ, ಅಂಚಿನುದ್ದಕ್ಕೂ ಬೆಳಕಿನ ಗೆರೆ ಹರಿಯಿತು. ಆ ಬೆಳಕು ಅಗಲವಾದ ಉಂಗುರಕ್ಕೆ ತಾಗಿ, ಉಂಗುರದ ಒಂದೊಂದು ಹರಳೂ ಹೊತ್ತಿಕೊಂಡಿತು. ಪರದೆಯ ಮೂಲೆಯಲ್ಲಿ ಅಕ್ಷರಗಳು ಮೂಡಿದವು: ಇದನ್ನು ಈವರೆಗೆ ಯಾರೂ ಕಂಡಿಲ್ಲ.

ಡ್ರೈವರಣ್ಣನ ಮೈ ಜುಮ್ಮೆಂದಿತು. ಅವನು ಬದುಕಿಡೀ ಓಡಿಸಿದ್ದು ಸಾವಿರ ಜನ ತುಳಿದ ದಾರಿಯಲ್ಲಿ.

"ಬಾ ಇಲ್ಲಿ, ಬೇಗ!"

"ರವಿಕೆ ತೋಳು ಹೊಲೀತಿದೀನ್ರೀ..."

"ತೋಳು ಎಲ್ಲಿಗೂ ಓಡೋಗಲ್ಲ, ಬಾರೇ!"

ಅವಳು ಗೊಣಗುತ್ತ ಬಂದಳು. ನೋಡಿದಳು. ಬಾಯಲ್ಲಿದ್ದ ದಾರ ಹಾಗೇ ಉಳಿಯಿತು.

"ಏನ್ರೀ ಅದು, ಕೆಂಪು ದೀಪ?" ಎಂದಳು ಕೊನೆಗೆ.

"ಅದು ಆಗಿಂದ್ಲೂ ಉರೀತಾನೇ ಇದೆ, ಬಿಡು."

ಎಡವಟ್ಟಾದದ್ದೇ ಇಲ್ಲಿ. ಅವನು ಓಡಿಸಿದ ಬಸ್ಸುಗಳಲ್ಲಿ ಯಾವುದಾದರೊಂದು ದೀಪ ಸದಾ ಉರಿಯುತ್ತಿತ್ತು. ಅದಕ್ಕೆ ತಲೆಕೆಡಿಸಿಕೊಂಡಿದ್ದರೆ ಒಂದು ಟ್ರಿಪ್ಪೂ ಮುಗಿಯುತ್ತಿರಲಿಲ್ಲ. ಇನ್ನು ಡೀಸೆಲ್ಲು? ಅದು ಡಿಪೋದವರ ತಲೆನೋವು. ಬೆಳಿಗ್ಗೆ ಬಂದರೆ ಟ್ಯಾಂಕು ತುಂಬಿರುತ್ತಿತ್ತು. ಇಷ್ಟು ವರ್ಷದಲ್ಲಿ ಡ್ರೈವರಣ್ಣ ಒಂದು ಲೀಟರು ಎಣ್ಣೆಯನ್ನೂ ತನ್ನ ಕೈಯಾರೆ ಹಾಕಿದವನಲ್ಲ. ಮುಂದಕ್ಕೆ ಹಾರಲು ಒತ್ತಿದ. ಹಡಗು ಕದಲಲಿಲ್ಲ. ಇಂಧನ ಖಾಲಿ.

ಮಗಳಿಗೆ ಫೋನ್ ಮಾಡಿ ಆದದ್ದು ಹೇಳಿದ.

"ನಕ್ಷತ್ರದ ಪಕ್ಕ ಸವರಿಕೊಂಡು ಹೋಗಿ ತುಂಬಿಸ್ಕೋಬೇಕು ಅಪ್ಪಾ. ಹೇಳೋದೇ ಮರೆತೆ."

"ಎರಡು ತಿಂಗಳು ಕಣಮ್ಮಾ ನಿಂದು..."

"ಕೇಳು. ತಳದಲ್ಲಿ ಉಳಿದಿರೋ ಚೂರು ಇಂಧನ ಉಸಿರಾಟಕ್ಕೆ ಬೇಕು, ಗಾಳಿಯ ಯಂತ್ರ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಆರಿಸು. ಹೀಗೆ ಸಿಕ್ಕಿಹಾಕಿಕೊಂಡವರಿಗೆ ಇಂಧನ ತಂದುಕೊಡೋ ಆಟಗಾರರಿದ್ದಾರೆ. ಅವರಿಗೆ ಹೇಳ್ತೀನಿ. ಆಮೇಲೆ ಏನೂ ಮುಟ್ಟಬೇಡ."

ಅವನು ಒಂದೊಂದಾಗಿ ಆರಿಸಿದ. ಹಡಗಿನ ಒಳಗೆ ಕತ್ತಲಾಯಿತು. ಆಗ ಹೊರಗಿನ ನಕ್ಷತ್ರಗಳು ಮೊದಲಿಗಿಂತ ಹತ್ತುಪಟ್ಟು ಕಂಡವು. ಇಷ್ಟು ದೊಡ್ಡ ಬಯಲಿನಲ್ಲಿ ತನ್ನನ್ನು ಯಾರು ಹುಡುಕಿಯಾರು ಎನಿಸಿ ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ಊಟಕ್ಕೆ ಏಳಿ," ಎಂದಳು ಹೆಂಡತಿ.

"ಬ್ರೇಕ್‌ಡೌನ್ ಆದ್ರೆ ಡ್ರೈವರು ಗಾಡಿ ಬಿಟ್ಟು ಹೋಗಬಾರದು."

ಅವಳು ಮೂಗು ಮುರಿದು ಒಳಗೆ ಹೋದಳು. ಬರುವಾಗ ಎರಡು ತಟ್ಟೆ ತಂದಳು, ಪಕ್ಕದಲ್ಲೇ ಕೂತಳು.

ತಟ್ಟೆ ಒಣಗಿದ ಎಷ್ಟೋ ಹೊತ್ತಿನ ಮೇಲೆ ನಕ್ಷತ್ರಗಳಲ್ಲಿ ಒಂದು ಅಲುಗಿತು. ಅಲುಗಿದ್ದು ದೊಡ್ಡದಾಯಿತು. ಪುಟ್ಟ ಹಡಗೊಂದು ದೀಪ ಮಿಟುಕಿಸುತ್ತ ಬಂದು ಪಕ್ಕದಲ್ಲಿ ನಿಂತಿತು. ಯಾವ ದೇಶದವರೋ, ಯಾವ ಮನೆಯಲ್ಲಿ ಕೂತವರೋ, ಇವನೊಬ್ಬನಿಗಾಗಿ ಅಷ್ಟು ದೂರ ಬಂದಿದ್ದರು. ಡ್ರೈವರಣ್ಣನ ಕಣ್ಣು ತುಂಬಿತು, ಕಾಣದ ಕಣ್ಣೂ ಕೂಡ.

ಇಂಧನ ಏರಿತು. ಪುಟ್ಟ ಹಡಗಿನಿಂದ ಪರದೆಗೆ ಬರಹ ಬಂತು: ಈ ಮೂಲೆಗೆ ಯಾಕೆ ಬಂದಿರಿ? ಇಲ್ಲೇನೂ ಇಲ್ಲವಲ್ಲ.

ಡ್ರೈವರಣ್ಣ ಒಂದೊಂದೇ ಅಕ್ಷರ ಹುಡುಕಿ ಒತ್ತಿದ: ಹಿಂದೆ ತಿರುಗಿ ನೋಡಿ.

ಪುಟ್ಟ ಹಡಗು ತಿರುಗಿತು. ಉಂಗುರದ ಬೆಳಕಿನ ಎದುರು ಹಾಗೇ ನಿಂತುಬಿಟ್ಟಿತು. ಆಮೇಲೆ ಉತ್ತರ ಬಂತು: ಎಷ್ಟೋ ಜನರಿಗೆ ಇಂಧನ ಕೊಟ್ಟಿದ್ದೇನೆ. ನನಗೆ ಏನನ್ನಾದರೂ ತೋರಿಸಿದವರು ನೀವೇ ಮೊದಲು.

ವಾಪಸು ಬರುವಾಗ ಅವನು ಸಿಕ್ಕ ಸಿಕ್ಕ ನಕ್ಷತ್ರವನ್ನೆಲ್ಲ ಸವರಿ ಟ್ಯಾಂಕು ತುಂಬಿಸಿಕೊಂಡ. ನಿಲ್ದಾಣದ ಎದುರು ಬಂದಾಗ ಮಗಳು ಕೆಲಸದಿಂದ ಬಂದು ಬೆನ್ನ ಹಿಂದೆ ನಿಂತಿದ್ದಳು. ನಿಲ್ದಾಣಕ್ಕೊಂದು ಬಾಗಿಲು, ಇಕ್ಕಟ್ಟು, ಎರಡೂ ಕಡೆ ಕಂಬ. ತಾಗಿದರೆ ಹಡಗು ಚೂರು, ಎರಡು ತಿಂಗಳು ಚೂರು, ಉಂಗುರದ ಗ್ರಹವೂ ಚೂರು.

ಅವನು ಕೈ ತೆಗೆದ. "ನೀನೇ ಒಳಗೆ ಹಾಕಮ್ಮಾ. ಗೇಟು ನನ್ನಿಂದಾಗಲ್ಲ. ನಂಗೆ ದೂರ ಹತ್ತಿರ ತಿಳಿಯಲ್ಲ."

ಮಗಳು ಅಂಗೈಯಿಂದ ತನ್ನ ಎಡಗಣ್ಣು ಮುಚ್ಚಿಕೊಂಡು ಪರದೆ ನೋಡಿದಳು. ಕೈ ತೆಗೆದು ನೋಡಿದಳು. ಮತ್ತೆ ಮುಚ್ಚಿಕೊಂಡಳು.

"ಅಪ್ಪಾ, ಎರಡೂ ಒಂದೇ ಥರ ಕಾಣುತ್ತೆ. ಪರದೆ ಚಪ್ಪಟೆ ಅಲ್ವಾ? ಇಲ್ಲಿ ಎಲ್ಲರಿಗೂ ಒಂದೇ ಕಣ್ಣು."

ಹೆಂಡತಿಯೂ ಬಂದು ಒಂದು ಕಣ್ಣು ಮುಚ್ಚಿ ನೋಡಿದಳು. "ಹೂಂ ರೀ, ನಿಜ."

ಡ್ರೈವರಣ್ಣ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದ. ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆಳೆದುಕೊಂಡ. ಹಡಗು ಬಾಗಿಲಿನ ಕಡೆ ಮೂಗು ತಿರುಗಿಸಿತು. ಎಡಗಡೆಯ ಕಂಬ ಸರಿಯಿತು, ಬಲಗಡೆಯದೂ ಸರಿಯಿತು. ಯಾವುದೂ ಉಜ್ಜಲಿಲ್ಲ.

"ಹೋಲ್ಡಾನ್!" ಎಂದು ಹೆಂಡತಿ ಒಂದು ಕಣ್ಣು ಮುಚ್ಚಿಕೊಂಡೇ ಕೂಗಿದಳು. "ಕಡೇ ಸ್ಟಾಪು, ಎಲ್ರೂ ಇಳ್ಕೊಳ್ಳಿ!"