ಮಾತಾಡುವ ಗೇಟು

"ಏ ಹಸಿರು ಸೀರೆ, ಎಂತ ಮಾರಾಯ್ತಿ, ಈಗಷ್ಟೇ ಹೋಗಿ ಬಂದದ್ದಲ್ವಾ ನೀನು? ಹೊಟ್ಟೆಯೊಳಗೆ ಬೋರ್‌ವೆಲ್ ಉಂಟಾ?"

ಬೈದದ್ದು ಗೇಟು. ಅದರ ಪಕ್ಕದ ಕಬ್ಬಿಣದ ಕಂಬದಲ್ಲಿ, ಊಟದ ತಾಟಿನಷ್ಟು ದೊಡ್ಡ ಸೋಲಾರ್ ಪ್ಲೇಟಿನ ನೆರಳಲ್ಲಿ ಕೂತ ಬಿಳಿ ಕ್ಯಾಮೆರಾ ಕತ್ತು ತಿರುಗಿಸಿ ಸರೋಜಿನಿಯನ್ನು ನೋಡುತ್ತಿತ್ತು. ದನಿ ಮಾತ್ರ ನಾಶಿಕ ಪೇಟೆಯ ತನ್ನ ಹೋಟೆಲಿನ ಗಲ್ಲಾದಲ್ಲಿ ಕೂತ ತೋಟದ ಧಣಿ, ಕರಾವಳಿ ಕಡೆಯ ರತ್ನಾಕರ ಸೇಠನದು. ಅವನ ಬೆನ್ನ ಹಿಂದೆ ಯಾರೋ ಎರಡು ಮಸಾಲೆ, ಒಂದು ಇಡ್ಲಿ ಎಂದು ಕೂಗಿದ್ದೂ ನಮಗೆ ಕೇಳಿಸಿತು.

ಅಗಳಿಯ ಮೇಲಿದ್ದ ಕೈಯನ್ನು ಸರೋಜಿನಿ ಹಿಂದಕ್ಕೆ ತೆಗೆದಳು. ತುಂಬಿದ ಬಸುರಿ. ರಸ್ತೆ ದಾಟಿದರೆ ನಾಲೆ, ನಾಲೆಯ ದಂಡೆಗೆ ಜಾಲಿಪೊದೆ. ಅಷ್ಟು ದೂರಕ್ಕೆ ಆಕೆ ಹೊರಟಿದ್ದಳು. ಹೋಗದೆ ದ್ರಾಕ್ಷಿಯ ಸಾಲಿಗೆ ಮರಳಿ ಗೊಂಚಲು ಹಿಡಿದಳು.

ನಾವು ಆಳಂದ ಕಡೆಯ ಹೆಂಗಸರು. ಈ ಹಂಗಾಮಿನಲ್ಲಿ ನಮಗೆ ದ್ರಾಕ್ಷಿಗೆ ಅಂಗಿ ತೊಡಿಸುವ ಕೆಲಸ. ಹಗಲು ಬಿಸಿಲು, ಇರುಳು ಥಂಡಿ ಬಿದ್ದರೆ ಹಸಿರು ಕಾಯಿ ಗುಲಾಬಿಗೆ ತಿರುಗುತ್ತದೆ. ಗುಲಾಬಿಗೆ ತಿರುಗಿದ್ದನ್ನು ಹೊರದೇಶದವರು ಮುಟ್ಟುವುದಿಲ್ಲವಂತೆ. ಅದಕ್ಕೇ ಪ್ರತಿ ಗೊಂಚಲಿಗೂ ಹಳೆ ಪೇಪರು ಸುತ್ತಿ ಪಿನ್ನು ಹೊಡೆಯಬೇಕು. ಮೇಲೆ ಬಿಗಿ, ಕೆಳಗೆ ಸಡಿಲು. ಬಿಸಿಲು ತಾಗಬಾರದು, ಗಾಳಿ ಆಡಬೇಕು. ಪೇಪರಿನ ಕಟ್ಟು ಸೇಠನ ಹೋಟೆಲಿನಿಂದಲೇ ಬರುತ್ತದೆ, ಮರಾಠಿಯ ನಡುವೆ ಮುಂಬೈಯ ಕನ್ನಡ ಪೇಪರೂ ಇರುತ್ತದೆ. ಸುತ್ತುವ ಮುಂಚೆ ನಾನು ಒಮ್ಮೆ ಕಣ್ಣಾಡಿಸುವವಳು. ಮೊನ್ನೆ ಮಹಿಳಾ ಸಬಲೀಕರಣದ ಇಡೀ ಪುಟ ಸಿಕ್ಕಿತು. ಎರಡಾಗಿ ಹರಿದು ಎರಡು ಗೊಂಚಲಿಗೆ ತೊಡಿಸಿದೆ. ಚೆನ್ನಾಗಿ ಒಪ್ಪಿತು.

ತೋಟದಲ್ಲಿ ಸಂಡಾಸವಿಲ್ಲವೆಂದು ಯಾರೂ ತಿಳಿಯಬಾರದು. ಇದೆ. ನೀಲಿ ಟೈಲ್ಸು, ನಲ್ಲಿ, ಕನ್ನಡಿ, ಬಾಗಿಲ ಮೇಲೆ ಸೀರೆಯುಟ್ಟ ಹೆಂಗಸಿನ ಚಿತ್ರ. ಚಿತ್ರದ ಕೆಳಗೆ ಬೀಗ. ಬೀಗದ ಕೈ ಸೇಠನ ಕಾರಿನಲ್ಲಿ. ದ್ರಾಕ್ಷಿ ಕೊಳ್ಳುವ ಕಂಪನಿಯವರು ತಪಾಸಣೆಗೆ ಬಂದ ದಿನ ಕೂಲಿಯವರಿಗೆ ಸಂಡಾಸ ಇರಬೇಕು ಎಂಬುದು ನಿಯಮ. ಉಳಿದ ದಿನಗಳ ಬಗ್ಗೆ ನಿಯಮ ಏನು ಹೇಳುತ್ತದೋ, ನಮಗೆ ಯಾರೂ ಓದಿ ಹೇಳಿಲ್ಲ.

ಕ್ಯಾಮೆರಾ ಬಂದದ್ದು ಕಳ್ಳರ ನೆಪದಲ್ಲಿ. ಕಳ್ಳರು ಹಿಂದಿನ ತಂತಿ ಬೇಲಿ ಹಾರಿ ಬಂದು ಹೋಗಿದ್ದರು, ಗೇಟಿನಿಂದ ಬರುವ ಶಿಷ್ಟಾಚಾರ ಅವರಲ್ಲಿರಲಿಲ್ಲ. ಆದರೂ ಕ್ಯಾಮೆರಾ ಗೇಟಿಗೇ ಬಂತು. ಕೂರಿಸಿದವನು ವರುಣ್ ಎಂಬ ಹುಡುಗ. ಅವನಪ್ಪ ಧಾರವಾಡದವನು, ಓಝರದ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಹುಡುಗ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಮಾತು ಅರ್ಧ ಮರಾಠಿ. ಇದು ಎಲ್ಲಿತನಕ ನೋಡ್ತದೋ ಅಪ್ಪಾ ಎಂದು ನಮ್ಮ ಕಾಶಿಬಾಯಿ ಕೇಳಿದಳು. ಅವನು ಹೆಮ್ಮೆಯಿಂದ ಮೊಬೈಲು ತೋರಿಸಿದ.

"ಇದು ಗೋಲ್ ಫಿರ್ತದ, ಮಾವಶಿ. ರಸ್ತಾ, ನಾಲಾ, ಪೂರಾ ದಿಸ್ತದ."

ಮೊಬೈಲಿನಲ್ಲಿ ಜಾಲಿಪೊದೆ ಎಲೆ ಎಲೆಯಾಗಿ ಕಾಣುತ್ತಿತ್ತು. ಹುಡುಗ ನಮ್ಮ ಮುಖ ನೋಡಿದ, ಪೊದೆ ನೋಡಿದ, ಅವನ ಕಿವಿ ಕೆಂಪಾಯಿತು. ಸ್ವಲ್ಪ ಕೆಳಗೆ ಬಗ್ಗಿಸಲಾ ಎಂದು ಸೇಠನನ್ನು ಕೇಳಿಯೂ ಕೇಳಿದ. ದೂರದಿಂದ ಬರುವವರು ಕಾಣದಿದ್ದರೆ ಇದು ಎಂತಕ್ಕೆ ಎಂದ ಸೇಠ, ಕಂಬಕ್ಕೆ ತೆಂಗಿನಕಾಯಿ ಒಡೆದು ಕುಂಕುಮ ಹಚ್ಚಿದ. ಕ್ಯಾಮೆರಾಕ್ಕೆ ದೃಷ್ಟಿಯಾಗದಿರಲಿ ಎಂದು ನಿಂಬೆಹಣ್ಣು ಮೆಣಸಿನಕಾಯಿಯನ್ನೂ ಕಟ್ಟಿಸಿದ.

ಅಂದಿನಿಂದ ಗೇಟು ಮಾತಾಡತೊಡಗಿತು. ಯಾರು ಹೊರಗೆ ಹೋದರು, ಎಷ್ಟು ಹೊತ್ತಿಗೆ ಬಂದರು, ಯಾಕೆ ತಡವಾಯಿತು. ಮುಟ್ಟಾದವಳಿಗೆ ನಾಲ್ಕು ಸಲ ಯಾಕೆ ಹೋದೆ ಎಂದು ಎಲ್ಲರೆದುರು ಕೇಳಿತು. ಅವಳು ಏನು ಹೇಳಬೇಕು, ಕಂಬಕ್ಕೆ?

ಒಂದು ಮಧ್ಯಾಹ್ನ ರೊಟ್ಟಿ ತಿನ್ನುವಾಗ ಮುಕಾದಮ ಶಿವಕಾಂತ ಮೊಬೈಲು ಹಿಡಿದು ಬಂದ. ನಮ್ಮನ್ನು ಊರಿಂದ ಕರೆತಂದವನು ಅವನೇ, ನಮ್ಮ ಕೇರಿಯವನೇ. ನಗುತ್ತಿದ್ದ. ಸೇಠ ಕಳಿಸಿದ ವಿಡಿಯೋ ಎಂದ. ತೋರಿಸಿದ. ನಾಲೆಯ ದಂಡೆ, ಪೊದೆ, ಹಸಿರು ಸೀರೆ.

"ಕ್ಯಾಮೆರಾಕ್ಕ ಮಾರಿ ಮಾಡಿ ಕೂಡಬ್ಯಾಡ್ರಿ ಅಂತ ಹೇಳ್ಯಾನ ಸೇಠ. ದಿನಕ್ಕ ಎರಡೇ ಸಲ. ಹೆಚ್ಚಿಗಿ ಹೋದ್ರ ಅರ್ಧಾ ಹಾಜರಿ."

ಸರೋಜಿನಿ ರೊಟ್ಟಿ ಕೆಳಗಿಟ್ಟಳು. ಕಾಶಿಬಾಯಿ ಮಾತ್ರ ಅಗಿಯುತ್ತಲೇ ಕೇಳಿದಳು.

"ನಿಮ್ಮವ್ವ ಎಲ್ಲಿ ಕೂಡತಾಳೋ ಭಾಡ್ಯಾ? ಆಕಿದೂ ತಗದಿದ್ರ ತೋರಸು, ಎಲ್ಲಾರೂ ಕೂಡೇ ನೋಡೋಣು."

ಶಿವಕಾಂತನ ನಗು ಹೋಯಿತು. ಮೊಬೈಲನ್ನು ಜೇಬಿಗಿಟ್ಟುಕೊಂಡು, ನಾ ಏನು ಮಾಡ್ಲಿ, ಹೇಳಿದ್ದು ಹೇಳೀನಿ ಎಂದು ಗೊಣಗುತ್ತ ನಡೆದ. ವಿಡಿಯೋ ಅಳಿಸಲಿಲ್ಲ.

ಮಾರನೆಯ ದಿನದಿಂದ ಸರೋಜಿನಿ ನೀರು ಕುಡಿಯುವುದನ್ನು ಬಿಟ್ಟಳು. ಬಾಯಿ ಒಣಗಿದರೆ ಸೆರಗಿನ ತುದಿ ಒದ್ದೆ ಮಾಡಿ ತುಟಿಗೆ ಒತ್ತುವಳು. ವಾರ ಕಳೆಯುವುದರೊಳಗೆ ಉರಿ, ಚಳಿಜ್ವರ, ಸೊಂಟ ಹಿಡಿದುಕೊಂಡು ನಡೆಯುವುದು. ನಾವು ಉಳಿದುಕೊಂಡ ವಸ್ತಿಗೆ ಬರುವ ನರ್ಸ್‌ಬಾಯಿ ಹೊಟ್ಟೆ ಮುಟ್ಟಿ ನೋಡಿ, ಹೀಗೇ ಆದರೆ ಕೂಸು ದಿನ ತುಂಬುವ ಮುಂಚೆಯೇ ಬಂದೀತು, ಉಳಿಯುವುದು ಕಷ್ಟ ಎಂದಳು. ಗುಳಿಗೆ ಕೊಟ್ಟಳು. ಭರಪೂರ ನೀರು ಕುಡಿ ಎಂದಳು. ಸರೋಜಿನಿ ಹೂಂ ಎಂದಳು. ಗುಳಿಗೆಯನ್ನು ಒಂದೇ ಗುಟುಕು ನೀರಿನಲ್ಲಿ ನುಂಗಿದಳು.

ಬೀಗದ ಕೈ ಕೇಳಲು ನಾವು ಗೇಟಿಗೇ ಹೋದೆವು, ಸೇಠ ಅಲ್ಲೇ ಅಲ್ಲವೇ ಇರುವುದು. ಬಸುರಿ ಇದ್ದಾಳ್ರೀ ಎಂದೆವು. ಟೈಲ್ಸ್ ಹೊಲಸಾಗುತ್ತದೆ, ಮೊದಲು ತಪಾಸಣೆ ಮುಗೀಲಿ ಎಂದಿತು ಗೇಟು.

ತಪಾಸಣೆಗೆ ಬಂದವಳು ಮಾನ್ಯಾ ಎಂಬ ಮೇಡಮ್ಮು. ಸೇಠನೇ ಕಾರಿನಲ್ಲಿ ಕರೆತಂದ. ಬೆಳಿಗ್ಗೆಯೇ ಬೀಗ ತೆಗೆದು ಹೊಸ ಸೋಪು, ಹೊಸ ಟವೆಲು ಇಟ್ಟಿದ್ದರು. ನಮಗೆ ಕೈಗವಸು ಹಾಕಿಸಿ ಸಾಲಾಗಿ ನಿಲ್ಲಿಸಿದರು. ತೆರೆದ ಬಾಗಿಲು ಕಂಡು ಸರೋಜಿನಿ ಸಾಲು ಬಿಟ್ಟು ನಡೆದಳು. ಶಿವಕಾಂತ ಅಡ್ಡ ಬಂದ. ಮೊದ್ಲು ಫೋಟೊ ಆಗ್ಲಿ ತಂಗಿ, ಒಳಗ ಹಸಿ ಆದ್ರ ಚಂದ ಕಾಣಾಂಗಿಲ್ಲ ಎಂದ.

ಮೇಡಮ್ಮು ಒಳ್ಳೆಯ ಹುಡುಗಿಯೇ. ಎಲ್ಲರಿಗೂ ನಮಸ್ಕಾರ ಮಾಡಿದಳು. ಹಿಂದಿಯಲ್ಲಿ ಏನೋ ಕೇಳಿದಳು. ಶಿವಕಾಂತ ಅದನ್ನು ಕನ್ನಡಕ್ಕೆ ತಂದ.

"ನಿಮಗೇನರ ತ್ರಾಸ ಅದ ಏನು ಅಂತ ಕೇಳಲತ್ತಾರ. ಇಲ್ಲ ಅನ್ರಿ."

ಯಾರೂ ಏನೂ ಅನ್ನಲಿಲ್ಲ. ಅದನ್ನೂ ಅವನು ಹಿಂದಿಗೆ ತಂದ. ಮೇಡಮ್ಮು ಖುಷಿಯಿಂದ ತಲೆಯಾಡಿಸಿ ಸಂಡಾಸದ ಫೋಟೊ ತೆಗೆಯಲು ಹೋದಳು. ಬಾಗಿಲಿನದು, ಕನ್ನಡಿಯದು, ಸೋಪಿನದು. ಅಷ್ಟರಲ್ಲಿ ಸಾಲಿನ ನಡುವೆ ನಿಂತಲ್ಲೇ ಸರೋಜಿನಿಯ ಸೀರೆ ಒದ್ದೆಯಾಯಿತು. ಬೆಳಗಿನಿಂದ ತಡೆದಿಟ್ಟ ಉಚ್ಚೆ ಕಾಲಿನಿಂದ ಮಣ್ಣಿಗೆ ಇಳಿಯಿತು. ಅದರಲ್ಲಿ ರಕ್ತದ ಎಳೆಯೂ ಇತ್ತು. ಸೇಠ ನೋಡಿದ. ಮೇಡಮ್ಮಿನ ಬೆನ್ನು ಇತ್ತ ಇರುವುದನ್ನೂ ನೋಡಿದ.

"ಹಲ್ಕಟ್ ರಂಡೆ," ಎಂದ ಮೆಲ್ಲಗೆ, ಹಲ್ಲಿನ ಸಂದಿಯಿಂದ. ಆಮೇಲೆ ನಗುನಗುತ್ತ ಮೇಡಮ್ಮನ್ನು ಊಟಕ್ಕೆಂದು ಕಾರು ಹತ್ತಿಸಿದ. ಹೊರಡುವ ಮುಂಚೆ ಬೀಗ ಹಾಕಲು ಮರೆಯಲಿಲ್ಲ.

ಕಾರಿನ ಧೂಳು ಅಡಗಿರಲಿಲ್ಲ. ಸರೋಜಿನಿ ಎತ್ತರದ ಬಳ್ಳಿಗೆ ಕೈ ಎಟುಕಲೆಂದು ನಾವು ಹತ್ತುವ ಕಬ್ಬಿಣದ ಸ್ಟೂಲನ್ನು ಎಳೆದುಕೊಂಡು ಗೇಟಿಗೆ ನಡೆದಳು. ಸೊಂಟದಲ್ಲಿ ಸ್ಟೇಪ್ಲರ್, ಕಂಕುಳಲ್ಲಿ ಪೇಪರಿನ ಕಟ್ಟು. ಕಾಶಿಬಾಯಿ ಹೋಗಿ ಸ್ಟೂಲು ಹಿಡಿದಳು.

ಕ್ಯಾಮೆರಾ ಕತ್ತು ತಿರುಗಿಸಿತು.

"ಏ, ಎಂತ ಮಾಡ್ತಿದ್ದಿ? ಇಳಿ ಕೆಳಗೆ, ಬೇ..." ದನಿ ಅಲ್ಲಿಗೆ ನಿಂತಿತು. ಕಾರಿನಲ್ಲಿ ಮೊಬೈಲು ಹಿಡಿದವನಿಗೆ ಪಕ್ಕದಲ್ಲಿ ಮೇಡಮ್ಮು ಕೂತಿದ್ದಾಳೆಂದು ನೆನಪಾಯಿತೇನೋ. "ಅಮ್ಮಾ, ಬಿದ್ದೀರಿ. ದಯವಿಟ್ಟು ಇಳೀರಿ."

ಸೇಠ ನಮ್ಮನ್ನು ಅಮ್ಮಾ ಎಂದದ್ದು, ರೀ ಎಂದದ್ದು ಅದೇ ಮೊದಲು. ಸರೋಜಿನಿ ಕೆಲಸದಲ್ಲಿದ್ದಳು. ಮೊದಲು ಸೋಲಾರ್ ಪ್ಲೇಟಿಗೆ ಸುತ್ತಿದಳು, ಬಿಸಿಲು ತಾಗದಂತೆ, ಒಂದರ ಮೇಲೊಂದು ಹಾಳೆ. ಆಮೇಲೆ ಕ್ಯಾಮೆರಾಕ್ಕೆ. ಮೇಲೆ ಬಿಗಿ, ಕೆಳಗೆ ಸಡಿಲು. ಪಿನ್ನು ಹೊಡೆದಳು. ಗೊಂಚಲಿಗೆ ಸುತ್ತಿದ ಹಾಗೇ ಸುತ್ತಿದಳು. ಯಾವ ಪುಟವೆಂದು ಈ ಸಲ ನಾನೂ ನೋಡಲಿಲ್ಲ. ಪೇಪರಿನೊಳಗಿಂದ ಕತ್ತಲೆ, ಕತ್ತಲೆ ಎಂದು ಗೇಟು ಬಡಬಡಿಸುತ್ತಿತ್ತು. ಒಳಗೆ ಕ್ಯಾಮೆರಾ ಕತ್ತು ತಿರುಗಿಸಲು ಹೋದಾಗ ಹಾಳೆ ಪರಪರ ಎಂದಿತು, ಹರಿಯಲಿಲ್ಲ.

ಆಕೆ ಇಳಿದು ಗೇಟು ಮುಚ್ಚಿದಳು. ಒಳಗಿನಿಂದ ಅಗಳಿ ಜಡಿದಳು. ನಾವೆಲ್ಲ ಬಂದು ಗೇಟಿಗೆ ಬೆನ್ನು ಕೊಟ್ಟು ಕೂತೆವು. ಶಿವಕಾಂತ ಆಚೆ ಸಾಲಿನ ನೆರಳಲ್ಲಿ ನಿಂತಿದ್ದ. ಹತ್ತಿರ ಬರಲಿಲ್ಲ. ದೂರವೂ ಹೋಗಲಿಲ್ಲ.

ಕಾರು ಮರಳಿ ಬಂತು. ಹಾರ್ನು ಹೊಡೆಯಿತು. ಬಾಗಿಲು ತೆಗೆದು ಇಳಿದ ಸೇಠ ಸರಳುಗಳನ್ನು ಹಿಡಿದು ಅಲುಗಿಸಿದ. ಮೇಡಮ್ಮು ಗಾಜು ಇಳಿಸಿ ಹಿಂದಿಯಲ್ಲಿ ಏನಾಯಿತು ಎಂದಳು. ಕನ್ನಡಕ್ಕೆ ತರಲು ಯಾರೂ ಬರಲಿಲ್ಲ.

"ಗೇಟು ತೆಗೀರಿ ಮಾರಾಯ್ರೇ," ಎಂದ ಸೇಠ.

"ಬೀಗದ ಕೈ ಒಳಗ ಒಗಿ," ಎಂದಳು ಕಾಶಿಬಾಯಿ, ತಿರುಗಿಯೂ ನೋಡದೆ. "ಸಂಡಾಸಂದು."

ಸರೋಜಿನಿ ಎದ್ದು, ಒದ್ದೆ ಸೀರೆಯಲ್ಲೇ, ಸೇಠನಿಗೆ ಎದುರಾಗಿ ನಿಂತಳು. ಪಕ್ಕದಲ್ಲಿದ್ದ ಕುಡಿಯುವ ನೀರಿನ ಕೊಡದಿಂದ ಚೊಂಬು ತುಂಬಿಸಿ ಎತ್ತಿದಳು. ಗಟಗಟ ಸದ್ದು ಕೇಳಿಸುತ್ತಿತ್ತು. ನೀರು ಗದ್ದದಿಂದ ಕತ್ತಿಗೆ, ಕತ್ತಿನಿಂದ ಹೊಟ್ಟೆಯ ಮೇಲೆ ಇಳಿಯಿತು. ಸೇಠ ಮತ್ತೆ ಗೇಟು ಅಲುಗಿಸಿದ. ಆಕೆ ಕಣ್ಣು ಕೀಳದೆ ಅವನನ್ನು ನೋಡುತ್ತ ಚೊಂಬು ಬರಿದು ಮಾಡಿ ನನ್ನ ಕಡೆ ಚಾಚಿದಳು.

"ಇನ್ನೊಂದು ತುಂಬಿ ಕೊಡಕ್ಕಾ."