ಆಟೋಕ್ಕ ಎತ್ತಿದ ಕೈ

ನಗಾಕತ್ತಾಳ, ಭೀಮರಾಯನಗುಡಿ ಕೆನಾಲ್ ಬ್ರಿಜ್ಜಿನ ಆ ಕಡಿ ನಿಂತು ಲಾಲಮ್ಮ ನಗಾಕತ್ತಾಳ, ಖಂಡಪ್ಪನ ಮಾತಿಗೆ, ಆ ಬಡ್ಡಿಮಗ ಏನಂಥಾ ನಗೋ ಮಾತು ಆಡ್ಯಾನು, ಒಂದೇ ಕ್ಲಾಸಿನ್ಯಾಗ ಕುಂತು ನಾನೂ ನೂರು ಮಾತು ಆಡೀನಿ, ನನ್ನ ಮುಂದ ಹಿಂಗ ಹಲ್ಲು ಕಾಣೂವಂಗ ನಕ್ಕಿದ್ದು ಯಾವಾಗ — ದೀಪಾವಳಿಗಿಂತ ಮೊದಲ ಇರಬೇಕು, ಆಮ್ಯಾಗಿಲ್ಲ, ನಾ ಆಕಿ ಕಪಾಳಕ್ಕ ಒಂದು ಕೊಟ್ಟ ಮ್ಯಾಗ ಇಲ್ಲ. ಒಂದೇ ಒಂದು ಏಟು. ಫೋನ್ ತೋರ್ಸು ಅಂದೆ, ಯಾಕ್ ತೋರ್ಸಲಿ ಅಂದ್ಳು, ಕೈ ಹೋತು, ಮನಸಿಟ್ಟಾಂವ ಅಲ್ಲೇನು ನಾನು, ಕೇಳಬಾರದೇನು? ಮರುದಿನ ಜಾಮೂನು ಕೊಡಸ್ದೆ, ಸುಮ್ನ ತಿಂದ್ಳು, ಮುಗೀತು ಅಂದ್ಕೊಂಡೆ. ಈಗ ನೋಡು, ಖಂಡಪ್ಪನ ನೋಟ್‌ಬುಕ್ಕು ಎದಿಗವಚ್ಕೊಂಡಾಳ, ನನ್ನ ನೋಟ್‌ಬುಕ್ಕಿಗೇನು ರೋಗ ಬಂದಿತ್ತು? ಇವತ್ತ ಬಿಡಂಗಿಲ್ಲ, ಫೋನ್ ಕಸಗೊಂಡು ಕೆನಾಲಿಗೆ ಒಗದೇ ಬಿಡ್ತೀನಿ, ನೀರು ದಂಡಿತನಕ ತುಂಬಿ ಹೊಂಟದ, ಹುಡುಕ್ಲಿ ಇಬ್ಬರೂ ಕೂಡಿ. ಬ್ರಿಜ್ ದಾಟಿ ಬಂದೆ, ಖಂಡಪ್ಪ ಮಾತು ಬಿಟ್ಟ, ಆಕಿ ನಗು ನಿಂತಿತು — ನನ್ನ ಕಂಡ್ರ ನಿಲ್ತದಲ್ಲ ಅದು — ಅಷ್ಟೊತ್ತಿಗೆ ಗೋಗಿ ಊರಿಗೆ ಹೋಗೋ ಆಟೋ ಬಂತು, ನಿಲ್ಲಸಾಕ ಕೈ ಎತ್ತಿದೆ, ಖರೇನ ಆಟೋಕ್ಕ, ಅಷ್ಟ — ಲಾಲಮ್ಮ ಕಣ್ಣು ಮುಚ್ಚಿದ್ಳು.

ಗಟ್ಟಿ ಮುಚ್ಚಿದ್ಳು, ಕುತ್ತಿಗಿ ಒಳಗ ಎಳಕೊಂಡು. ದನದ ಸಂತ್ಯಾಗ ನಮ್ಮ ಮಹಾದೇವಪ್ಪ ಕಾಕಾ ಎತ್ತಿನ ಹಲ್ಲು ನೋಡೂಕಿಂತ ಮೊದಲ ಅದರ ಮಾರಿ ಮುಂದ ಗಪ್ಪನ ಕೈ ಎತ್ತತಾನ, ಎತ್ತು ಹಂಗ ನೋಡ್ಕೋತ ನಿಂತ್ರ ರೇಟ್ ಕೇಳ್ತಾನ, ಕಣ್ಣು ಮುಚ್ಚಿತಂದ್ರ ಹಗ್ಗ ಬಿಡ್ತಾನ, ಬ್ಯಾಡೋ ದ್ಯಾವಪ್ಪ, ಅಂತಾನ ನನಗ, ಇದನ್ನ ಯಾವನೋ ಹಲ್ಕಟ್ ಹೊಡದು ಹೊಡದು ಕೆಡಿಸ್ಯಾನ, ಮಾರಾಂವನ ಮಾರಿ ನೋಡು, ಎಷ್ಟು ಸಂಭಾವಿತ. ಅಂವನ ಮಾರಿ ನೋಡಿ ನಾನೂ ನಕ್ಕಿದ್ದೆ. ಒಂದೇ ಏಟು — ಅಲ್ಲ, ಒಂದಲ್ಲ, ಬಸ್‌ಸ್ಟ್ಯಾಂಡ್ ಹಿಂದ ರಟ್ಟಿ ತಿರುವಿದ್ದು, ಜಡಿ ಹಿಡದು ಜಗ್ಗಿದ್ದು, ಅವೆಲ್ಲಾ ಹೊಡದಂಗಲ್ಲ ಅಂದ್ಕೊಂಡಿದ್ದೆ. ಹತ್ರೋ ಹತ್ರಿ ಅಂತ ಆಟೋದಾಂವ ಒದರಾಕತ್ತಾನ, ಲಾಲಮ್ಮ ಹತ್ತಿ ಖಂಡಪ್ಪನ ಬಾಜೂಕ ಕುಂತ್ಳು, ಅಂವನ ಬಾಜೂಕನ, ಎದಿ ಉರೀತದ, ಇನ್ನೂ ಉರೀತದ, ನೀ ಬರ್ತಿಯೇನೋ ಅಂತಾನ ಆಟೋದಾಂವ, ಇಲ್ಲ, ನಾ ಹತ್ತಂಗಿಲ್ಲ, ಕೈ ಇನ್ನೂ ಮ್ಯಾಗೇ ಅದ, ಇಳಸಬೇಕು, ಸಾವಕಾಶ ಇಳಸಬೇಕು, ದಡಗ್ಗನ ಇಳಿಸಿದ್ರ ಆಕಿ ಮತ್ತ — ಆ ಕಣ್ಣು, ಮುಚ್ಚಿದ ಆ ಕಣ್ಣು